ಹಗ್ಗದ ಲೆಕ್ಕ

ನಮ್ಮ ಅಜ್ಜಿಯ ಅಟ್ಟದ ಮೇಲೆ ಒಂದು ಪಾತಾಳಗರಡಿ ಇತ್ತು. ಕಬ್ಬಿಣದ ಬಳೆ, ಅದರ ಸುತ್ತ ಜೋತುಬಿದ್ದ ಹತ್ತಾರು ಕೊಕ್ಕೆ, ಮುಟ್ಟಿದರೆ ಝಣಝಣ ಸದ್ದು. ಸವಳಂಗದ ನಮ್ಮ ಕೇರಿಯಲ್ಲಿ ಆಗ ಆರೇಳು ಬಾವಿಗಳಿದ್ದವು, ಪಾತಾಳಗರಡಿ ಮಾತ್ರ ಒಂದೇ. ಹಗ್ಗ ಕಿತ್ತು ಕೊಡ ತಳ ಸೇರಿತೆಂದರೆ ಹೆಂಗಸರು ಸೀದಾ ನಮ್ಮ ಜಗಲಿಗೆ ಬರುತ್ತಿದ್ದರು. ಅಜ್ಜಿ ಎದ್ದು ಒಳಗೆ ಹೋಗುವ ಮೊದಲು ಅವರ ಕೈ ನೋಡುತ್ತಿದ್ದಳು. "ಚೊಂಬು ತಂದೀಯೇನವ್ವಾ?" ಒಂದು ಹಿತ್ತಾಳೆ ಚೊಂಬನ್ನೋ ತಂಬಿಗೆಯನ್ನೋ ಒತ್ತೆ ಇಟ್ಟರೆ ಪಾತಾಳಗರಡಿ ಹೊರಬರುತ್ತಿತ್ತು, ಅದು ವಾಪಸ್ಸಾದರೆ ಚೊಂಬು ಹೋಗುತ್ತಿತ್ತು. ಇದು ಅಜ್ಜಿಯ ಜಿಪುಣತನವಲ್ಲ. ಪಾತಾಳಗರಡಿ ಇದ್ದ ಮನೆಗಳಲ್ಲೆಲ್ಲ ನಡೆದುಬಂದ ಪದ್ಧತಿ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಮಳೆಗಾಲದ ಬೆಳಿಗ್ಗೆ ಅದನ್ನು ಕೊಡಕ್ಕಲ್ಲ, ಮನುಷ್ಯರಿಗೆ ಇಳಿಸಬೇಕಾಯಿತು. ಯಾರು, ಯಾಕೆ ಎನ್ನುವುದು ಈಗ ಬೇಡ. ಅವತ್ತು ಒತ್ತೆಯ ಚೊಂಬನ್ನು ಯಾರೂ ತರಲಿಲ್ಲ, ಅಜ್ಜಿಯೂ ಕೇಳಲಿಲ್ಲ. ಮಧ್ಯಾಹ್ನ ಅದು ವಾಪಸ್ಸು ಬಂದಾಗ ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಲೆಯ ಕೆಂಡದಲ್ಲಿ ಕಾಯಿಸಿ, ಅರಿಶಿನದ ನೀರಿನಲ್ಲಿ ಅದ್ದಿದಳು. ಅಷ್ಟಾದರೂ ಆಮೇಲೆ ತಿಂಗಳೊಪ್ಪತ್ತು ಯಾರೂ ಅದನ್ನು ಕೇಳಲು ಬರಲಿಲ್ಲ. ಬಿದ್ದ ಕೊಡ ಬಿದ್ದಲ್ಲೇ ಇದ್ದವು.

ಕೊನೆಗೆ ಅಜ್ಜಿ ಕುಲುಮೆಗೆ ಹೋಗಿ ಇನ್ನೊಂದನ್ನು ಮಾಡಿಸಿದಳು. ಇದರಲ್ಲಿ ಕೊಕ್ಕೆ ಮೂರೇ, ಆದರೆ ಹೆಬ್ಬೆರಳ ಗಾತ್ರದವು. ತುದಿ ಬಟ್ಟೆಗೆ ಸಿಕ್ಕಬೇಕು, ಮೈಗೆ ಚುಚ್ಚಬಾರದು ಎಂದು ಬಗ್ಗಿಸಿ ಮೊಂಡು ಮಾಡಿಸಿದಳು. ಕಮ್ಮಾರರು ಕಬ್ಬಿಣದ ದುಡ್ಡು ಮಾತ್ರ ತಗೊಂಡರು, ಇದ್ದಲು ನಾವೇ ಒಯ್ದಿದ್ದೆವು. ಆ ದುಡ್ಡಿಗಾಗಿ ಅಜ್ಜಿ ನನ್ನನ್ನು ಜೊತೆಗಿಟ್ಟುಕೊಂಡು ಬಾವಿ ಇದ್ದ ಮನೆಗಳಿಗೆ ಮಾತ್ರ ಹೋಗಿ ತಲಾ ಎಂಟಾಣೆ ಎತ್ತಿದಳು. "ನೀರು ಸೇದೋರೆಲ್ಲ ಕೊಡ್ಲಿ" ಎಂದು ಒಬ್ಬರು ತಗಾದೆ ತೆಗೆದರು. "ಸೇದೋರು ಊರೆಲ್ಲ ಅದಾರೆ, ಯಾರ ಹತ್ರ ಅಂತ ಕೇಳಲಿ? ಬಾವಿ ಯಾರ ಹಿತ್ತಲಲ್ಲಿ ಐತೋ ಅವರು ಕೊಡ್ರಿ" ಎಂದಳು. ಕೊಟ್ಟರು. ಹೊಸದನ್ನು ಕೊಟ್ಟಿಗೆಯ ಗೋಡೆಗೆ, ಯಾರು ಬೇಕಾದರೂ ಬಂದು ತೆಗೆದುಕೊಳ್ಳುವ ಹಾಗೆ ನೇತುಹಾಕಿದಳು. ಇದಕ್ಕೂ ಚೊಂಬು ಇಡಬೇಕೇ ಎಂದು ನಾನು ಕೇಳಿದ್ದೆ.

"ಇದಕ್ಕೆ ಬೇಡ. ಇದನ್ನ ಯಾರೂ ಮನೇಲಿ ಇಟ್ಕೊಳಲ್ಲ."

ಮುಂದೆ ಊರಿನ ಹುಡುಗರು ಸೇರಿ ಜೀವ ಉಳಿಸುವ ಸಾಮಾನು ಕೂಡಿಸಲು ಹೊರಟಾಗ ಖಜಾಂಚಿ ಕೆಲಸ ನನ್ನ ಕೊರಳಿಗೆ ಬಿತ್ತು. ಸೊಸೈಟಿಯಲ್ಲಿ ಗುಮಾಸ್ತನಾಗಿದ್ದೆ, ಅಕ್ಷರ ಚೆನ್ನಾಗಿತ್ತು, ಅಷ್ಟೇ ಕಾರಣ. ಆ ಲೆಕ್ಕದ ಪುಸ್ತಕ ಈಗಲೂ ನನ್ನ ಮುಂದಿದೆ, ಇನ್ನೂರು ಪುಟದ ಲಾಂಗ್ ಬುಕ್ಕು. ಮೊದಲ ಪುಟದಲ್ಲಿ ಜಮೆಗಿಂತ ಮೊದಲೇ ಖರ್ಚು ಬರೆದಿದ್ದೇನೆ: "ಹಗ್ಗ, 100 ಅಡಿ." ನಡೆದದ್ದೂ ಹಾಗೆಯೇ.

ಊರಿನ ಪಾಡು ಸ್ವಲ್ಪ ಹೇಳಬೇಕು. ಸವಳಂಗ ಶಿವಮೊಗ್ಗ–ಶಿಕಾರಿಪುರ ರಸ್ತೆಯ ನಡುವಿನ ಊರು. ಶಿವಮೊಗ್ಗ ಪೇಟೆಯಲ್ಲಿ ನಮ್ಮೂರ ಹೆಸರಿನ ರಸ್ತೆಯೇ ಇದೆ. ಆದರೂ ಕಾಗದಪತ್ರದಲ್ಲಿ ನಾವು ಶಿವಮೊಗ್ಗದವರಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹೊನ್ನಾಳಿ ತಾಲ್ಲೂಕಿನ ಜೊತೆ ಅತ್ತ ಹೋದೆವು, 2018ರಲ್ಲಿ ನ್ಯಾಮತಿ ತಾಲ್ಲೂಕಾದಾಗ ಮತ್ತೊಮ್ಮೆ ಬೋರ್ಡು ಬದಲಾಯಿತು. ಅಡಿಕೆ ಮಂಡಿ, ಆಸ್ಪತ್ರೆ, ಮದುವೆ ಜವಳಿ ಎಲ್ಲ ಶಿವಮೊಗ್ಗದಲ್ಲಿ, ಅರ್ಜಿ ಕೊಡುವುದು ದಾವಣಗೆರೆಯಲ್ಲಿ. ಬಣವೆಗೆ ಬೆಂಕಿ ಬಿದ್ದರೂ ಕೆರೆಯಲ್ಲಿ ಯಾರಾದರೂ ಮುಳುಗಿದರೂ ವಾಹನ ಯಾವ ಕಡೆಯಿಂದ ಬಂದರೂ ಅರ್ಧ ಗಂಟೆ, ಮುಕ್ಕಾಲು ಗಂಟೆ. ಬರುವವರ ತಪ್ಪು ಅದರಲ್ಲಿ ಇಲ್ಲ, ದಾರಿಯೇ ಅಷ್ಟು. ನೀರಿನಲ್ಲಿ ಉಸಿರು ನಿಂತವರಿಗೆ ನಾಲ್ಕೈದು ನಿಮಿಷ ಇರುತ್ತದೆ. ಈ ಎರಡು ಲೆಕ್ಕದ ನಡುವಿನ ಹೊತ್ತು ಊರಿನವರದ್ದೇ.

ನಮ್ಮಪ್ಪನದು ಸರ್ಕಲ್‌ನಲ್ಲಿ ಪಂಚರ್ ಅಂಗಡಿ. ಕೆರೆಗೆ ಈಜು ಕಲಿಯಲು ಹೋಗುವ ಹುಡುಗರಿಗೆ ತೇಪೆ ಹಾಕಿದ ಲಾರಿ ಟ್ಯೂಬು ಬಾಡಿಗೆಗೆ ಸಿಗುತ್ತಿತ್ತು. ರಸ್ತೆಯಲ್ಲಿ ಲಾರಿ ಮಗುಚಿದರೆ ಅಪ್ಪನ ಜಾಕು, ಹಾರೆ, ಸರಪಳಿಯೇ ಮೊದಲು ಓಡುತ್ತಿದ್ದವು. ಕೆಲವು ವಾಪಸ್ಸು ಬರುತ್ತಿರಲಿಲ್ಲ, ಅದಕ್ಕೆ ಯಾರೂ ಲೆಕ್ಕ ಬರೆಯುತ್ತಿರಲಿಲ್ಲ. ಅಪಘಾತವಾದವರನ್ನು ಎತ್ತಿ ಆಸ್ಪತ್ರೆಗೆ ಹಾಕಲು ಆಗೆಲ್ಲ ಜನ ಹೆದರುತ್ತಿದ್ದರು, ಸಾಕ್ಷಿ ಎಂದು ಕೋರ್ಟಿಗೆ ಅಲೆಯಬೇಕಾದೀತು ಎಂದು. 2008ರಲ್ಲಿ 108 ಆಂಬುಲೆನ್ಸ್ ಬಂದಿತು. 2016ರಲ್ಲಿ, ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಸಾಯುವಾಗಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಬೇಡಿಕೊಂಡ ಹರೀಶ್ ಹೆಸರಿನಲ್ಲಿ ಸಾಂತ್ವನ ಯೋಜನೆ ಬಂದು, ಅಪಘಾತದ ಮೊದಲ 48 ಗಂಟೆಯ ಚಿಕಿತ್ಸೆಗೆ 25 ಸಾವಿರದವರೆಗೆ ಸರ್ಕಾರವೇ ಕೊಡುತ್ತದೆ ಎಂದಾಯಿತು. ರಸ್ತೆಯ ಭಯ ಹಾಗೆ ಕರಗಿತು. ನೀರಿನ ಕಡೆ ಅಂಥದ್ದೇನೂ ಬರಲಿಲ್ಲ.

ಬಂದದ್ದು ಕೃಷಿ ಹೊಂಡ. 2014ರ ಕೃಷಿ ಭಾಗ್ಯ ಯೋಜನೆಯಲ್ಲಿ ಶೇಕಡಾ 80–90ರಷ್ಟು ಸಹಾಯಧನ. ಮಳೆ ನಂಬಿದ ಮೆಕ್ಕೆಜೋಳದ ಹೊಲಕ್ಕೆ ಅದು ವರವೇ, ಇಲ್ಲ ಎನ್ನಲಾರೆ. ಆದರೆ ಹೊಂಡದ ಒಳಮೈಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರು ನಿಂತು ಪಾಚಿ ಕಟ್ಟಿತೆಂದರೆ ಎಣ್ಣೆ ಸವರಿದ ಹಾಗೆ. ಮಣ್ಣಿನ ಕೆರೆಯಲ್ಲಿ ಬಿದ್ದವರಿಗೆ ಬೇರೋ ಕಲ್ಲೋ ಹುಲ್ಲೋ ಸಿಗುತ್ತದೆ. ಇಲ್ಲಿ ಬೆರಳು ಊರಲು ಏನೂ ಇಲ್ಲ. ಈಜು ಬರುವವನೂ ದಂಡೆ ಹತ್ತಲಾರ. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಅಲ್ಲೇ ಉಳಿಯುತ್ತಾರೆ. ಸುತ್ತ ತಂತಿಬೇಲಿ ಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಹೊಂಡದ ದುಡ್ಡು ಹೊಂಡಕ್ಕೇ ಮುಗಿದಿರುತ್ತದೆ.

ಒಂದು ಬೇಸಿಗೆಯಲ್ಲಿ ನಮ್ಮ ಊರಿಗೆ ದೂರವಲ್ಲದ ಹೊಲದಲ್ಲಿ ಅಂಥದ್ದೇ ಒಂದು ಹೊಂಡ ಅಣ್ಣ ತಮ್ಮ ಇಬ್ಬರನ್ನು ಇಟ್ಟುಕೊಂಡಿತು. ಓಡಿದವರ ಕೈಯಲ್ಲಿದ್ದದ್ದು ಎತ್ತಿನ ಮೂಗುದಾರ, ಸೀರೆ, ಮತ್ತೊಬ್ಬರ ಪಂಚೆ. ಹಗ್ಗ ಹುಡುಕಲು ಹೋದ ಬೈಕು ನಮ್ಮ ಅಂಗಡಿಯ ಮುಂದೆಯೇ ನಿಂತಿತ್ತು. ನಾನು ಪಕ್ಕದ ಕಬ್ಬಿಣದ ಅಂಗಡಿಯಿಂದ ನೂರಡಿ ನೈಲಾನ್ ಹಗ್ಗ ಸಾಲ ಬರೆಸಿ ಕೊಟ್ಟೆ. ಅದು ತಲುಪಿದಾಗ ಅದರಿಂದ ಮಾಡುವ ಕೆಲಸ ಬೇರೆಯೇ ಆಗಿತ್ತು. ಮೊದಲ ಪುಟದ ಖರ್ಚು ಅದು.

ದುಡ್ಡು ಹನ್ನೊಂದು ದಿನದೊಳಗೆ ಬಂತು. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ: ತಿಥಿಯ ಊಟ ಮುಗಿಯುವ ಮೊದಲು ಕೇಳಿದರೆ ಜನ ಕೊಡುತ್ತಾರೆ, ಮುಗಿದ ಮೇಲೆ ಕೇಳಿದರೆ "ನೋಡಾಣ" ಎನ್ನುತ್ತಾರೆ. ಇದು ನಮ್ಮೂರಿನ ಗುಣ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಕಡಲಲ್ಲಿ ಸಿಕ್ಕಿಕೊಂಡವರನ್ನು ಉಳಿಸುವ ಒಂದು ಸಂಸ್ಥೆ 1824ರಿಂದ ಬಹುಮಟ್ಟಿಗೆ ಜನರ ದಾನದಲ್ಲೇ ನಡೆದಿದೆ, ದೋಣಿಯ ಮೇಲಿನವರಲ್ಲಿ ಬಹುಪಾಲು ಸ್ವಯಂಸೇವಕರು. 1886ರಲ್ಲಿ ಒಂದೇ ರಾತ್ರಿ, ಮುಳುಗುತ್ತಿದ್ದ ಹಡಗೊಂದರ ಕಡೆ ಹೊರಟ 27 ಜನ ರಕ್ಷಕರು ಸತ್ತರು. ಆ ದುಃಖದ ಬೆನ್ನಿಗೇ ಮ್ಯಾಂಚೆಸ್ಟರ್‌ನಲ್ಲಿ 1891ರಲ್ಲಿ ಬೀದಿಗಿಳಿದು ಡಬ್ಬಿ ಹಿಡಿಯುವ ಪರಿಪಾಠ ಶುರುವಾಯಿತಂತೆ. ಅವರಿಗೆ ಈಗ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ಸತ್ತವರು ಉಯಿಲಿನಲ್ಲಿ ಬರೆದಿಟ್ಟದ್ದು. ಇದನ್ನು ನಮ್ಮ ಸಭೆಯಲ್ಲಿ ಓದಿ ಹೇಳಿದೆ. "ನಮ್ಮಲ್ಲಿ ಉಯಿಲು ಬರೆದ್ರೆ ಮಕ್ಕಳು ಕೋರ್ಟಿಗೆ ಹೋಗ್ತಾರೆ, ಹಗ್ಗಕ್ಕೆ ಎಲ್ಲಿ ಬರುತ್ತೆ" ಎಂದು ನಗಾಡಿದರು.

ನಮಗೆ ಬಂದದ್ದು ಗಣಪತಿ ಕಮಿಟಿಯ ಉಳಿಕೆ, ಡೇರಿಗೆ ಹಾಲು ಹಾಕುವವರ ಒಂದು ಬಟವಾಡೆಯಿಂದ ಮನೆಗೆ ಹತ್ತು ರೂಪಾಯಿ, ಮಂಡಿಗೆ ಅಡಿಕೆ ಹೇರುವ ಲಾರಿಯವರದ್ದು ಒಂದಿಷ್ಟು, ಸುತ್ತಲಿನ ತಾಂಡಾಗಳಿಂದ ನಾಯಕರು, ಕಾರಭಾರಿಗಳು ಎತ್ತಿ ಕಳಿಸಿದ್ದು ಒಂದಿಷ್ಟು. ತಾಂಡಾದವರ ದುಡ್ಡಿನ ಜೊತೆ ಒಂದು ಷರತ್ತೂ ಬಂತು. ಲಂಬಾಣಿಗಳ ಗುರು ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯ ಜಯಂತಿಗೆ ಮಾಲೆ ಧರಿಸಿದವರು ರಾತ್ರಿಯೆಲ್ಲ ರಸ್ತೆಯಲ್ಲಿ ನಡೆದು ಬರುತ್ತಾರೆ. ಅವರ ಹಿಂದೆ ಮುಂದೆ ಮಿಂಚುವ ಕೋಟು ಹಾಕಿ, ಬ್ಯಾಟರಿ ಹಿಡಿದು ನಮ್ಮ ಹುಡುಗರು ನಿಲ್ಲಬೇಕು. ಒಪ್ಪಿದೆವು. ವರ್ಷವಿಡೀ ನಾವು ಮಾಡಿದ ಕೆಲಸದಲ್ಲಿ ಎಷ್ಟು ಜೀವ ಉಳಿಯಿತು ಎಂದು ಎಣಿಸಲಾಗದ, ಆದರೆ ಖಂಡಿತ ಉಳಿದಿರಬೇಕಾದ ಕೆಲಸ ಅದೊಂದೇ.

ದುಡ್ಡು ಬಂದ ಮೇಲೆ ಜಗಳ. ಹುಡುಗರಿಗೆ ಮೋಟಾರ್ ದೋಣಿ ಬೇಕು, ಪಕ್ಕಕ್ಕೆ ಊರ ಹೆಸರು ಬರೆಸಿದ್ದು. ಹಳಬರಿಗೆ ಜನರೇಟರು ಬೇಕು, ಯಾಕೆಂದರೆ ಅದು ಜಾತ್ರೆಗೂ ಆಗುತ್ತದೆ. ಗೃಹರಕ್ಷಕ ದಳದಲ್ಲಿ ಬಹಳ ವರ್ಷ ದುಡಿದಿದ್ದ ಒಬ್ಬರು ನಮ್ಮಲ್ಲಿದ್ದರು. 1946ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ನಮ್ಮ ರಾಜ್ಯದಲ್ಲಿ 1962ರ ಕಾಯ್ದೆಯ ಮೇಲೆ ನಿಂತ ಆ ದಳದ ಧ್ಯೇಯವಾಕ್ಯ 'ನಿಷ್ಕಾಮ ಸೇವೆ'. ಇವರು ಬಂದೋಬಸ್ತಿನಲ್ಲಿ ಬಿಸಿಲು ಮಳೆ ತಿಂದು ಆ ಮಾತನ್ನು ಅಕ್ಷರಶಃ ನಂಬಿದ್ದವರು. ಅವರು ಎದ್ದು ನಿಂತು ಕೇಳಿದ್ದು ಒಂದೇ: "ಮೋಟಾರ್ ದೋಣೀನ ರಾತ್ರಿ ಎರಡು ಗಂಟೆಗೆ ಹೊಂಡದ ಹತ್ರ ಯಾರು ಹೊತ್ಕೊಂಡು ಹೋಗ್ತೀರಪ್ಪ?" ದೋಣಿ ಅಲ್ಲಿಗೇ ಮುಳುಗಿತು.

ಕೊಂಡದ್ದು ಇಷ್ಟು: ಆರು ಲೈಫ್ ಜಾಕೆಟ್, ಎರಡು ತೇಲುವ ಬಳೆ, ನಾಲ್ಕು ಬ್ಯಾಟರಿ, ಒಂದು ಮಡಿಚುವ ಸ್ಟ್ರೆಚರ್, ಕೈಗವಸು, ಎರಡು ಹಾರೆ, ದೊಡ್ಡ ಕತ್ತರಿ, ಮಿಕ್ಕಿದ್ದೆಲ್ಲ ಹಗ್ಗ. ನೈಲಾನ್ ಹಗ್ಗ ಗಟ್ಟಿ, ಆದರೆ ನೀರಲ್ಲಿ ಮುಳುಗುತ್ತದೆ. ಎಸೆಯಲು ಬೇಕಾದದ್ದು ತೇಲುವ ಪಾಲಿಪ್ರೊಪಿಲೀನ್ ಹಗ್ಗ. ಈ ವ್ಯತ್ಯಾಸ ನಮಗೆ ಗೊತ್ತಾದದ್ದು ಅರ್ಧ ದುಡ್ಡು ನೈಲಾನಿಗೆ ಹೋದ ಮೇಲೆ. ಎರಡೂ ಬಿಸಿಲಿಗೆ ಬಿಟ್ಟರೆ ಒಳಗೊಳಗೇ ಸಾಯುತ್ತವೆ, ಹೊರಗೆ ಬಣ್ಣ ಮಾತ್ರ ಮಾಸಿರುತ್ತದೆ.

ಪೆಟ್ಟಿಗೆ ಎಲ್ಲಿಡಬೇಕು ಎನ್ನುವುದು ದುಡ್ಡಿನದಕ್ಕಿಂತ ದೊಡ್ಡ ಜಗಳವಾಯಿತು. ಕಚೇರಿಗಳು ಸಂಜೆಗೆ, ಭಾನುವಾರಕ್ಕೆ ಬೀಗ. ದೇವಸ್ಥಾನಕ್ಕೆ ಎಲ್ಲರೂ ಎಲ್ಲ ಹೊತ್ತಿನಲ್ಲೂ ಹೋಗಲಾರರು. ಕೊನೆಗೆ ಸರ್ಕಲ್ಲಿನ ಹೋಟೆಲಿನ ಪಕ್ಕದ ಗೋಡೆಗೆ ಇಟ್ಟೆವು. ಮೊದಲ ಬಸ್ಸಿಗೂ ಮುಂಚೆ ಅಲ್ಲಿ ಒಲೆ ಹೊತ್ತುತ್ತದೆ, ರಾತ್ರಿ ಒಬ್ಬರು ಅಲ್ಲೇ ಮಲಗುತ್ತಾರೆ. ಬೀಗ ಹಾಕಿದರೆ ಕೀಲಿ ಹುಡುಕುವುದೇ ಐದು ನಿಮಿಷ, ಹಾಕದಿದ್ದರೆ ಕಳವು. ಮುಚ್ಚಳಕ್ಕೆ ಎತ್ತಿನ ಕೊರಳ ಗಂಟೆ ಕಟ್ಟಿದೆವು. ತೆಗೆದರೆ ಹೋಟೆಲಿಗೆಲ್ಲ ಕೇಳುತ್ತದೆ.

ಹೊಂಡಗಳಿಗೆ ಬೇರೆ ಉಪಾಯ. ಒಂದಡಿಗೊಂದು ಗಂಟು ಹಾಕಿದ ಹಗ್ಗವನ್ನು ದಂಡೆಯ ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಡುವುದು, ಜೊತೆಗೆ ಬಾಯಿ ಮುಚ್ಚಿದ ಎರಡು ಖಾಲಿ ಕ್ಯಾನು. ಖರ್ಚು ಮುನ್ನೂರು ರೂಪಾಯಿಯ ಒಳಗೆ. ದುಡ್ಡು ಯಾರು ಕೊಡಬೇಕು ಎಂದಾಗ ನಾನು ಅಜ್ಜಿಯ ಮಾತನ್ನೇ ಹೇಳಿದೆ: ಹೊಂಡ ಯಾರ ಹೊಲದಲ್ಲಿ ಐತೋ ಅವರು. ಮುಕ್ಕಾಲು ಪಾಲು ಜನ ಕೊಟ್ಟರು. ಆದರೆ ಒಂದೇ ಸುಗ್ಗಿಯಲ್ಲಿ ಅರ್ಧ ಹಗ್ಗ ಮಾಯ, ಹಸು ಕಟ್ಟಲು, ಹುಲ್ಲಿನ ಗಾಡಿ ಬಿಗಿಯಲು. ಕೆಂಪು ಬಣ್ಣ ಬಳಿದೆವು. ಆಮೇಲೆ ಊರ ತುಂಬ ಕೆಂಪು ಹಗ್ಗದ ಹಸುಗಳು.

ಪುಸ್ತಕದ ಎರಡನೇ ವರ್ಷದ ಪುಟಗಳು ಬಹುತೇಕ ಖಾಲಿ. ಕೊಳ್ಳಲು ಕೊಟ್ಟವರು ಬೋರ್ಡಿನಲ್ಲಿ ಹೆಸರು ನೋಡಿಕೊಂಡರು. ಬ್ಯಾಟರಿಯ ಸೆಲ್ಲಿಗೆ, ಹರಿದ ಬಕಲ್ಲಿಗೆ, ಹಳೆ ಹಗ್ಗ ಬದಲಿಸಲು ಎಂದರೆ ಯಾರ ಕೈಯೂ ಜೇಬಿಗೆ ಹೋಗಲಿಲ್ಲ. ಹೆಸರು ಬರೆಸಲು ಸೆಲ್ಲಿನ ಮೇಲೆ ಜಾಗವಿಲ್ಲವಲ್ಲ. ಇದೇ ಹೊತ್ತಿನಲ್ಲಿ ಪರಿಚಯದ ಒಂದು ಊರಿಗೆ ದಾನಿಯೊಬ್ಬರು ಆಂಬುಲೆನ್ಸ್ ವ್ಯಾನು ಕೊಟ್ಟರು, ಹಾರ ಹಾಕಿ, ಫೋಟೊ ತೆಗೆಸಿ. ಡೀಸೆಲ್ಲು, ಚಾಲಕ, ವಿಮೆ ಮೂರನ್ನೂ ಯಾರೂ ಕೊಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ನೋಡಿದಾಗ ಅದರಡಿ ಒಂದು ಕೋಳಿ ಮರಿಗಳ ಸಮೇತ ಸಂಸಾರ ಹೂಡಿತ್ತು.

ಸರ್ಕಾರದ ದುಡ್ಡಿಗೂ ಹೋಗಿದ್ದೆವು. ಒಂದು ಕಚೇರಿಯಲ್ಲಿ ನಮ್ಮ ಪಟ್ಟಿ ನೋಡಿದವರು ಕ್ರಿಯಾಯೋಜನೆಯಲ್ಲಿ ಹಗ್ಗ ಎನ್ನುವ ಬಾಬ್ತೇ ಇಲ್ಲ ಎಂದರು. ಚರಂಡಿ ಇದೆ, ಬೀದಿ ದೀಪ ಇದೆ. ಅವರು ಕೆಟ್ಟವರಲ್ಲ, ಆಡಿಟ್ಟಿನಲ್ಲಿ ಉತ್ತರ ಕೊಡಬೇಕಾದವರು. ಕೇಂದ್ರ 75, ರಾಜ್ಯ 25 ಹಾಕುವ ವಿಪತ್ತು ನಿಧಿ ಇದೆಯಲ್ಲ ಎಂದೆ. ಅದು ಪ್ರವಾಹ, ಬರ, ಭೂಕಂಪ, ಆಲಿಕಲ್ಲು ಹೀಗೆ ಪಟ್ಟಿಯಲ್ಲಿ ಹೆಸರಿದ್ದದ್ದಕ್ಕೆ. ಹೊಳೆ ಬಂದು ಒಬ್ಬರು ಸತ್ತರೆ 4 ಲಕ್ಷ ಪರಿಹಾರ. ಹೊಂಡಕ್ಕೆ ಬಿದ್ದವರಿಗೆ ಕೇಂದ್ರದ ಆ ಪಟ್ಟಿಯಲ್ಲಿ ಜಾಗವಿಲ್ಲ. ಸತ್ತ ಮೇಲೆ ಕೊಡುವ 4 ಲಕ್ಷದಲ್ಲಿ ಎಷ್ಟು ಹೊಂಡಕ್ಕೆ ಹಗ್ಗ ಕಟ್ಟಬಹುದು ಎಂದು ಬಸ್ಸಿನಲ್ಲಿ ಕೂತು ಭಾಗಿಸಿದೆ. ಸಾವಿರದ ಮುನ್ನೂರು ದಾಟಿತು. ಗುಮಾಸ್ತನ ಚಟ.

ಖಾಲಿ ಪುಟಗಳಿಗೆ ಮದ್ದು ಸಿಕ್ಕಿದ್ದು ಸ್ತ್ರೀಶಕ್ತಿ ಸಂಘದವರಿಂದ. ಅಮಾವಾಸ್ಯೆ ದಿನ ನಮ್ಮ ಕಡೆ ನೇಗಿಲು ಕಟ್ಟುವುದಿಲ್ಲ, ಟ್ರ್ಯಾಕ್ಟರಿನಿಂದ ಬೈಕಿನವರೆಗೆ ಎಲ್ಲದಕ್ಕೂ ತೊಳೆದು ನಿಂಬೆಹಣ್ಣು ಕಟ್ಟುತ್ತಾರೆ. "ನಿಮ್ ಪೆಟ್ಟಿಗೆಗೂ ಕಟ್ರಿ" ಎಂದರು ಒಬ್ಬ ಅಕ್ಕ. ಕಟ್ಟಬೇಕೆಂದರೆ ಸಾಮಾನು ಹೊರಗೆ ತೆಗೆಯಬೇಕು, ಒರೆಸಬೇಕು, ಬ್ಯಾಟರಿ ಉರಿಸಿ ನೋಡಬೇಕು, ಹಗ್ಗ ಪೂರ್ತಿ ಬಿಚ್ಚಿ ಮೊಳ ಹಾಕಿ ಸುತ್ತಬೇಕು. ತಪಾಸಣೆ ಎಂದು ಕರೆದಾಗ ಮೂರು ಜನ ಬರುತ್ತಿದ್ದರು, ಪೂಜೆ ಎಂದ ಮೇಲೆ ಮೂವತ್ತು ಜನ. ಮಂಗಳಾರತಿ ತಟ್ಟೆಗೆ ಬಿದ್ದ ಚಿಲ್ಲರೆ ಪುಸ್ತಕದಲ್ಲಿ ಜಮೆಯಾಗತೊಡಗಿತು. ಯಾವ ತಿಂಗಳೂ ಇನ್ನೂರೈವತ್ತು ದಾಟಿದ್ದಿಲ್ಲ, ಸೆಲ್ಲು ಬಕಲ್ಲುಗಳಿಗೆ ಸಾಕಿತ್ತು. ನನಗೆ ಅಷ್ಟೇನೂ ದೈವಭಕ್ತಿ ಇಲ್ಲ, ಆದರೆ ಆ ನಿಂಬೆಹಣ್ಣಿನ ಬಗ್ಗೆ ಯಾರಾದರೂ ನಕ್ಕರೆ ಸಿಟ್ಟು ಬರುತ್ತದೆ.

2019ರ ಆಗಸ್ಟಿನಲ್ಲಿ ಮಲೆನಾಡಿನ ಮಳೆಗೆ ತುಂಗಭದ್ರೆ ಉಕ್ಕಿ ಹೊನ್ನಾಳಿಯ ತಗ್ಗಿನ ಕೇರಿಗಳಿಗೆ ನುಗ್ಗಿದಾಗ ನಮ್ಮ ಪೆಟ್ಟಿಗೆಯನ್ನು ಟ್ರ್ಯಾಕ್ಟರಿಗೆ ಹಾಕಿಕೊಂಡು ಹೋದೆವು. ಅಲ್ಲಿ ಬೆಸ್ತರ ಹರಿಗೋಲುಗಳ ಮುಂದೆ ನಮ್ಮದೇನೂ ನಡೆಯಲಿಲ್ಲ, ನಿಜ ಹೇಳಬೇಕು. ಬಿದಿರ ಬುಟ್ಟಿಗೆ ಹೊದಿಕೆ ಬಿಗಿದ ಆ ದುಂಡು ದೋಣಿಯನ್ನು ಒಬ್ಬನೇ ತಲೆಯ ಮೇಲೆ ಹೊತ್ತು ಬರಬಲ್ಲ. ನಾವು ಮಾಡಿದ್ದು ಪಾತ್ರೆ ಪಡಗ ಸಾಗಿಸಿದ್ದು, ಮನೆ ಬಿಟ್ಟು ಬರಲೊಲ್ಲದ ಒಬ್ಬ ಮುದುಕಿಯನ್ನು ಸ್ಟ್ರೆಚರಿನಲ್ಲಿ ಎತ್ತಿದ್ದು. ಆಕೆ ದಾರಿಯುದ್ದಕ್ಕೂ ಆಡಿನ ಹಗ್ಗ ಕೈಯಿಂದ ಬಿಡಲಿಲ್ಲ, ಆಡು ನೀರಲ್ಲಿ ಈಜುತ್ತಲೇ ಬಂತು. ಆ ದಿನದ ಪುಟದಲ್ಲಿ "ಲೈಫ್ ಜಾಕೆಟ್ 1 ಕಾಣೆ" ಎಂದು ಬರೆದಿದ್ದೇನೆ. ಯಾರೋ ಹಾಕಿಕೊಂಡು ಮನೆಗೆ ಹೋಗಿರಬೇಕು.

ಆಮೇಲೆ ಊರಿನ ಇಬ್ಬರು ಹುಡುಗರು ಆಪದ ಮಿತ್ರ ತರಬೇತಿಗೆ ಹೋಗಿಬಂದರು. 2016ರಲ್ಲಿ ದೇಶದ 30 ಜಿಲ್ಲೆಗಳಲ್ಲಿ ತಲಾ 200 ಜನರ ಗುರಿಯಿಟ್ಟು ಶುರುವಾದ ಯೋಜನೆ, ಮುಂದೆ 350 ಜಿಲ್ಲೆ, ಒಂದು ಲಕ್ಷ ಜನ ಎಂದು ಬೆಳೆಯಿತು. ಹನ್ನೆರಡು ದಿನದ ಪಾಠ, ಕೊನೆಗೆ ಹೆಲ್ಮೆಟ್ಟು, ಗಂಬೂಟು, ಸೀಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುವ ಒಂದು ಚೀಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ಶೌರ್ಯ' ವಿಪತ್ತು ನಿರ್ವಹಣಾ ಘಟಕಗಳೂ ಹಲವು ತಾಲ್ಲೂಕುಗಳಲ್ಲಿ ಎದ್ದವು. ಹುಡುಗರು ಕಲಿತು ಬಂದು ನಮಗೆ ಕಲಿಸಿದ ಮೊದಲ ಮಾತು, ನೀರಿಗೆ ಇಳಿಯುವುದು ಕಟ್ಟಕಡೆಯ ಉಪಾಯ ಎಂದು. ಮೊದಲು ಕೂಗು, ಆಮೇಲೆ ಕೋಲು ಚಾಚು, ಆಮೇಲೆ ಹಗ್ಗ ಎಸೆ. ಧುಮುಕುವುದೇ ಗಂಡಸುತನ ಎಂದು ಬೆಳೆದ ನಮಗೆ ಇದು ನುಂಗಲಾರದ ತುತ್ತಾಗಿತ್ತು.

2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಗಂಗಾವಳಿಯ ಕೆಸರುನೀರಿಗೆ ಇಳಿಯುತ್ತಿದ್ದ ಮುಳುಗುಗಾರ ಈಶ್ವರ ಮಲ್ಪೆಯವರನ್ನು ಹೋಟೆಲಿನ ಟಿ.ವಿ.ಯಲ್ಲಿ ಎಲ್ಲರೂ ಕೂಡಿ ನೋಡುತ್ತಿದ್ದೆವು. ಒಮ್ಮೆ ಸೊಂಟದ ಹಗ್ಗ ಹರಿದು ಅವರು ಕೊಚ್ಚಿಹೋಗಿ, ನೌಕಾಪಡೆಯವರು ಹಿಡಿದರು ಎಂದು ಸುದ್ದಿ ಬಂತು. ಹೋಟೆಲಿನಲ್ಲಿ ಯಾರೂ ಮಾತಾಡಲಿಲ್ಲ. ಹಳೆಯ ಗೃಹರಕ್ಷಕರು ಎದ್ದು ಹೊರಗೆ ಹೋದರು. ಗಂಟೆಯ ಸದ್ದು ಕೇಳಿತು. ಅಮಾವಾಸ್ಯೆಗೆ ಇನ್ನೂ ದಿನವಿತ್ತು. ಅವರು ಒಬ್ಬರೇ ಕುಕ್ಕುರುಗಾಲಲ್ಲಿ ಕೂತು ಹಗ್ಗವನ್ನು ಅಂಗುಲ ಅಂಗುಲವಾಗಿ ಬೆರಳಲ್ಲಿ ತಿರುಚಿ ನೋಡುತ್ತಿದ್ದರು. ಎರಡು ಕಡೆ ಎಳೆ ಬಿಟ್ಟಿತ್ತು. ಅವತ್ತೇ ಸಂಜೆ ಹೊಸದು ತಂದೆವು, ಯಾರ ಹತ್ತಿರವೂ ಚಂದಾ ಕೇಳಲಿಲ್ಲ, ಹೋಟೆಲಿನವರೇ ಗಲ್ಲಾದಿಂದ ಕೊಟ್ಟರು. ಪುಸ್ತಕದಲ್ಲಿ ಅವರ ಹೆಸರು ಬರೆಯಬೇಡಿ ಎಂದರು.

ಈಗ ನನಗೆ ಕಣ್ಣು ಮಂಜು. ಪುಸ್ತಕವನ್ನು ಡೇರಿಯಲ್ಲಿ ಲೆಕ್ಕ ಬರೆಯುವ ಹುಡುಗಿಗೆ ಒಪ್ಪಿಸುವುದೆಂದು ತೀರ್ಮಾನವಾಗಿದೆ. ಮೊನ್ನೆ ಬಂದು ನನ್ನೆದುರೇ ಪೆಟ್ಟಿಗೆ ತೆಗೆಸಿ ಸಾಮಾನು ತಾಳೆ ನೋಡಿದಳು. ಜಾಕೆಟ್ ಐದು ಸರಿ, ಬ್ಯಾಟರಿ ಸರಿ, ಎಸೆಯುವ ಹಗ್ಗ ಸರಿ.

"ಅಜ್ಜಾ, ಹಳೇ ನೈಲಾನ್ ಹಗ್ಗ ನೂರಡಿ ಅಂತ ಬರ್ದೀರಿ, ಎಲ್ಲೈತೆ? ಇಲ್ಲೊಂದು ಸ್ಟೀಲ್ ಚೊಂಬು ಐತೆ. ಇದು ಯಾವ ಬಾಬ್ತು?"

ಬಾವಿಗೆ ಬಿದ್ದ ಎಮ್ಮೆ ಎತ್ತಲು ಯಾರೋ ರಾತ್ರಿ ಒಯ್ದಿದ್ದರಂತೆ, ಹೋಟೆಲಿನ ಹುಡುಗ ಹೇಳಿದ. ಎಮ್ಮೆ ಮೇಲೆ ಬಂದಿದೆ, ಹಾಲೂ ಕೊಡುತ್ತಿದೆ. ಚೊಂಬು ಇಟ್ಟುಹೋದವರಿಗೆ ಆ ಪದ್ಧತಿ ಯಾರು ಹೇಳಿಕೊಟ್ಟರೋ ತಿಳಿಯದು. ಹುಡುಗಿ ಅದನ್ನು ತಿರುಗಿಸಿ ತಳದಲ್ಲಿ ಕೊರೆದ ಹೆಸರು ಓದಿ ನಕ್ಕಳು. ಜಮೆಯ ಕಡೆ ಬರೆಯಬೇಕೋ ಖರ್ಚಿನ ಕಡೆಯೋ ಎಂದು ಪೆನ್ನು ಹಿಡಿದು ನನ್ನ ಮುಖ ನೋಡಿದಳು.